ಜಂಪಣ್ಣ ಬರೆಯದೆ ಬಿಟ್ಟ ಹನ್ನೊಂದು ಸಾಲು

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜಂಪಣ್ಣನ ಅಂಗಡಿಗೂ ನನ್ನ ಅಂಗಡಿಗೂ ಒಂದೇ ಗೋಡೆ. ಮೂವತ್ತೆರಡು ವರ್ಷದಿಂದ ಆ ಗೋಡೆಯ ಈಚೆ ನಾನು ಗಡಿಯಾರ ಬಿಚ್ಚುತ್ತೇನೆ, ಆಚೆ ಅವನು ಬೇರೆ ಏನಾದರೂ ಬಿಚ್ಚುತ್ತಾನೆ. ಅವನದು ಮೊದಲು ರೇಡಿಯೊ ಇತ್ತು, ಆಮೇಲೆ ಟೀವಿ, ಆಮೇಲೆ ಯುಪಿಎಸ್. ಈಗ ಕಂಪ್ಯೂಟರಿಗೆ ಸಂಬಂಧಪಟ್ಟದ್ದು ಏನು ತಂದರೂ ಸರಿ. ಇಬ್ಬರೂ ಕಾಲೇಜಿನ ಮೆಟ್ಟಿಲು ತುಳಿದವರಲ್ಲ. ನಾನು ಏಳನೇ ಕ್ಲಾಸಿಗೇ ಪಾಟಿಚೀಲ ಗೂಟಕ್ಕೆ ಹಾಕಿದವನು. ಅವನು ಹತ್ತನೇ ಕ್ಲಾಸಿನಲ್ಲಿ ಗಣಿತ, ಇಂಗ್ಲಿಷು ಎರಡರಲ್ಲೂ ಮಕಾಡೆ ಬಿದ್ದ. ಬಿದ್ದವನು ಮುಂದೆ ಅವೆರಡರ ಕೊಂಬನ್ನೇ ಹಿಡಿದು ಬಗ್ಗಿಸಿದ.

ಹೇಗೆ ಕಲಿತ ಎಂದು ಕೇಳಿದರೆ ಜನ ನಂಬುವುದಿಲ್ಲ. ಚಿತ್ರದುರ್ಗದಲ್ಲಿ ಹಳೇ ಪುಸ್ತಕ ಮಾರುವವನ ಹತ್ತಿರ ಪ್ರೋಗ್ರಾಮ್ ಬರೆಯುವುದನ್ನು ಕಲಿಸುವ ಒಂದು ದಪ್ಪ ಪುಸ್ತಕ ತಂದ. ಅದರ ಮೊದಲ ನಲವತ್ತು ಪುಟ ಯಾರೋ ಹರಿದುಕೊಂಡಿದ್ದರು. ಇವನು ನಲವತ್ತೊಂದನೇ ಪುಟದಿಂದಲೇ ಶುರು ಮಾಡಿದ. "ಹರಿದಿರೋ ನಲವತ್ತರಲ್ಲಿ ಏನೈತೋ ಅದನ್ನ ಮಿಕ್ಕಿದ್ದು ನೋಡಿ ಊಹೆ ಮಾಡ್ಕಂತೀನಿ ಬಿಡಣ್ಣ" ಅಂದ. ಮಾಡಿಕೊಂಡ ಕೂಡ. ವರ್ಷ ಒಪ್ಪತ್ತಿನಲ್ಲಿ ಅಂಗಡಿ ಮುಂದೆ ಬೋರ್ಡು ಬಂತು: 'ಇಲ್ಲಿ ಆಗುವುದಿಲ್ಲ ಎಂದು ಹೇಳುವುದಿಲ್ಲ.' ನೋಡಿದವರು ನಕ್ಕರು. ನಾನು ನಗಲಿಲ್ಲ. ಯಾರ ಹಂಗೂ ಇಲ್ಲದೆ ಕಲಿತವನ ಬೆನ್ನು ಎಷ್ಟು ನೆಟ್ಟಗಿರುತ್ತದೆ ಅಂತ ನನಗೆ ಗೊತ್ತು. ಅಷ್ಟು ನೆಟ್ಟಗಿರುವ ಬೆನ್ನು ಬಗ್ಗಬೇಕಾದಾಗ ಬಗ್ಗುವುದಿಲ್ಲ ಅನ್ನುವುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಹಾಲುರಾಮೇಶ್ವರದ ಕಡೆ ಹೋಗುವ ದಾರಿಯಲ್ಲಿ ಒಂದು ಊರಿದೆ. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಈಗಲೂ ನಮ್ಮ ಅಂಗಡಿಗೆ ಬರುತ್ತಾರೆ. ಆ ಊರಿನ ಹಾಲಿನ ಡೈರಿಯವರು ಹಾಲು ಪರೀಕ್ಷೆ ಮಾಡುವ ಮಿಷನ್ ಒಂದನ್ನು ಯಾರ ಹತ್ತಿರವೋ ಹಳೆಯದು ಕೊಂಡುಕೊಂಡಿದ್ದರು. ಲೋಟದಲ್ಲಿ ಹಾಲಿಟ್ಟರೆ ಕೊಳವೆಯಿಂದ ಹೀರಿಕೊಂಡು ಜಿಡ್ಡೆಷ್ಟು, ನೀರೆಷ್ಟು ಎಂದು ಹೇಳುವ ಮಿಷನ್ನು ಅದು. ಅದರ ಮುಖದ ಗಾಜು ಸತ್ತುಹೋಗಿತ್ತು, ಅಂಕಿ ಕಾಣುತ್ತಿರಲಿಲ್ಲ. ಕಂಪ್ಯೂಟರಿಗೆ ಜೋಡಿಸುವ ಕಾರ್ಡೂ ಸುಟ್ಟಿತ್ತು. ಮಾಡಿದ ಕಂಪನಿಯೇ ಈಗ ಇರಲಿಲ್ಲ. ಊರೂರು ಸುತ್ತಿ, ಎಲ್ಲರ ಹತ್ತಿರ ಆಗುವುದಿಲ್ಲ ಅನ್ನಿಸಿಕೊಂಡು, ಕೊನೆಗೆ ಆ ಬೋರ್ಡಿನ ಕೆಳಗೆ ತಂದು ಇಳಿಸಿದರು.

ಜಂಪಣ್ಣ ನಾಲ್ಕು ತಿಂಗಳು ಅದರ ಜೊತೆ ಗುದ್ದಾಡಿದ. ಕಾರ್ಡು ತಾನೇ ಮಾಡಿದ. ಕಂಪ್ಯೂಟರಿನಲ್ಲಿ ಚೀಟಿ ಬರೆಯುವ ಪ್ರೋಗ್ರಾಮನ್ನೂ ತಾನೇ ಬರೆದ. ಆದರೆ ಪ್ರೋಗ್ರಾಮಿಗೆ ಮಿಷನ್ನಿನ ಭಾಷೆ ಬರುವುದಿಲ್ಲ, ಮಿಷನ್ನಿಗೆ ಪ್ರೋಗ್ರಾಮಿನ ಭಾಷೆ ಬರುವುದಿಲ್ಲ. ಇಬ್ಬರ ನಡುವೆ ನಿಂತು ಮಾತು ಸಾಗಿಸುವ ಇನ್ನೊಂದು ಬರಹ ಬೇಕು, ಅದಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆದ ದಿನ ನನ್ನನ್ನು ಕೂಗಿದ.

"ನೋಡಣ್ಣ, ಪ್ರೋಗ್ರಾಮು ಬಂದು 'ನಂಗೆ ಮಿಷನ್ ಬೇಕು' ಅಂತೈತೆ. ನಾನು ಕೊಡ್ತೀನಿ. ಬೇರೆ ಯಾರೂ ಮುಟ್ಟದಂಗೆ ಬೀಗ ಹಾಕ್ತೀನಿ. ಅಂಕಿ ತುಂಬಿಡಾಕೆ ಜಾಗ ಕೊಡ್ತೀನಿ. ಹೊರಡೋವಾಗ 'ಬರ್ತೀನಿ' ಅಂತೈತೆ. ಆಗ ಬೀಗ ತೆಗೀತೀನಿ, ಅರ್ಧ ಆಗಿರೋ ಕೆಲ್ಸ ನಿಲ್ಲಿಸ್ತೀನಿ, ಉಳಿದಿರೋ ಅಂಕಿ ಗುಡಿಸಿ ಹಾಕ್ತೀನಿ. ಮುಂದೆ ಬರೋನಿಗೆ ಚೊಕ್ಕಟ."

"'ಬರ್ತೀನಿ' ಅನ್ನದೇ ಹೋದ್ರೆ?"

ಜಂಪಣ್ಣ ನನ್ನ ಮುಖ ನೋಡಿ ನಕ್ಕ. "ಅದೆಂಗೆ ಹೋಗ್ತೈತೆ? ನಮ್ಮನೆಗೆ ಬಂದೋರು ಒಂದು ಮಾತು ಹೇಳ್ದೆ ಎದ್ದು ಹೋಗ್ತಾರೇನಣ್ಣ? ಆ ಪ್ರೋಗ್ರಾಮೂ ನಾನೇ ಬರೆದಿದ್ದು. ನಾನು ಸಾಕಿದ್ದು ಹೇಳ್ದೆ ಹೋಗಲ್ಲ."

ನಾನು ತಲೆಯಾಡಿಸಿದೆ. ಸರಿಯೆಂದೇ ತೋರಿತು. ನಮ್ಮ ಕಡೆ ಸಾಲ ಕೇಳಲು ಬಂದು ಸಿಗದೆ ಸಿಟ್ಟಾದವನು ಕೂಡ ಬಾಗಿಲಲ್ಲಿ ತಿರುಗಿ ಬರ್ತೀನಿ ಅಂದೇ ಹೋಗುತ್ತಾನೆ.

ಆ ಡೈರಿಯಲ್ಲಿ ಬೋಣಿಗೆ ಒಂದು ನೇಮವಿತ್ತು. ದಿನದ ಮೊದಲ ಹಾಲು ಕಾಳಕ್ಕನದೇ ಆಗಬೇಕು. ಕಾಳಕ್ಕನ ಗಂಡ ಬೋರಪ್ಪ ಕುರಿ ಕಾಯುವವನು, ವರ್ಷದ ಮುಕ್ಕಾಲು ಪಾಲು ಹಿಂಡಿನ ಜೊತೆ ಹಿರಿಯೂರಿನ ಕಡೆ ಬಯಲಲ್ಲೇ ಇರುತ್ತಿದ್ದ. ಮನೆಯಲ್ಲಿ ಇವಳು, ಎರಡು ಎಮ್ಮೆ. ಡೈರಿ ಶುರುವಾದ ದಿನ ಇವಳೇ ಮೊದಲು ಹಾಲು ಹಾಕಿದ್ದಳಂತೆ. ಅವಳ ಕೈಗುಣದಿಂದ ಡೈರಿ ಉಳಿಯಿತು ಅನ್ನುವ ನಂಬಿಕೆ. ಸೆಕ್ರೆಟರಿ ನಾಗಭೂಷಣ ಬೇರೆ ಯಾರು ಮುಂದೆ ಬಂದು ನಿಂತರೂ "ತಡೀರಿ, ಕಾಳಕ್ಕ ಬರ್ಲಿ" ಅನ್ನುತ್ತಿದ್ದ. ಅವಳ ಕ್ಯಾನು ಸಾಲಿನ ಮುಂದೆ ಇರುತ್ತಿತ್ತು. ಅದು ಊರು ಅವಳಿಗೆ ಕೊಟ್ಟಿದ್ದ ಮರ್ಯಾದೆ.

ಮಿಷನ್ ಬಂದು ಐದಾರು ತಿಂಗಳಿಗೆ ಒಂದು ಬೆಳಗ್ಗೆ ಕಾಳಕ್ಕನ ಚೀಟಿಯಲ್ಲಿ ನೂರಕ್ಕೆ ಅರವತ್ತು ನೀರು ಎಂದು ಬಂತು. ನಾಗಭೂಷಣ ಯಾರಿಗೂ ತೋರಿಸದೆ ಹರಿದು ಹಾಕಿದ. "ಯಾಕೋ ಏನೋ, ನೋಡ್ಕಳ್ರಿ" ಅಂದ. ವಾರ ಕಳೆದು ಮತ್ತೆ ಹಾಗೇ ಬಂತು. ಹಿಂದೆ ನಿಂತವರು ಇಣುಕಿ ನೋಡಿದರು. ಮೂರನೇ ಸಲ ಬಂದಾಗ ವಿಷಯ ಡೈರಿಯ ಅಧ್ಯಕ್ಷ ತಿಪ್ಪೇರುದ್ರಪ್ಪನವರ ಕಟ್ಟೆಗೆ ಹೋಯಿತು. ಅವರು ಮಿಷನ್ ಮಾಡಿದವನನ್ನೇ ಕರೆಸಿ ಎಂದರು. ಜಂಪಣ್ಣ ಸ್ಕೂಟರ್ ತೆಗೆದ, ನಾನು ಹಿಂದೆ ಕೂತೆ.

ಡೈರಿಯ ಮುಂದೆ ನಲವತ್ತು ಐವತ್ತು ಜನ ಸೇರಿದ್ದರು. ಜಂಪಣ್ಣ ಎಲ್ಲರ ಎದುರಿಗೆ ಒಂದು ಲೋಟ ಒಳ್ಳೆ ಹಾಲಿಟ್ಟ. ಒಳ್ಳೆಯದೆಂದು ಚೀಟಿ ಬಂತು. ಅದಕ್ಕೇ ಅರ್ಧ ನೀರು ಬೆರೆಸಿಟ್ಟ. ಅರ್ಧ ನೀರೆಂದು ಬಂತು. ಮೂರು ಸಲ ಮಾಡಿದ, ಮೂರು ಸಲವೂ ತಪ್ಪಲಿಲ್ಲ. ಜನ ಗುಜುಗುಜು ಅಂದರು. ಅವನ ಮುಖ ಅರಳಿತು.

ಕಾಳಕ್ಕ ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದಳು. ಅಳುತ್ತಿರಲಿಲ್ಲ.

"ಜಂಪಣ್ಣ, ನೀನು ತಿಳ್ಕಂಡೋನು. ನಂಗೊಂದು ಹೇಳು. ಬೇರೆ ದಿನ ನಾನು ಲೋಟ ಇಟ್ಟು, ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕ್ಕಂಬೋವರ್ಗೂ ಚೀಟಿ ಬರಾಕಿಲ್ಲ. ಆ ಮೂರು ದಿನ ಮಾತ್ರ ಲೋಟ ಇಡ್ತಿದ್ದಂಗೇ ಬಂತು. ಅದ್ಯಾಕೆ ಹಂಗೆ?"

ಗುಂಪಿನಿಂದ ಯಾರೋ ಕೂಗಿದರು, "ನೀರಲ್ವೇನಕ್ಕ, ಬೇಗ ಹರೀತೈತೆ!"

ಎಲ್ಲರೂ ನಕ್ಕರು. ಜಂಪಣ್ಣನೂ ನಕ್ಕ. ನಾನು ನೋಡಿದ್ದೇನೆ, ಅವನು ನಕ್ಕದ್ದು ನಿಜ.

"ಮಿಷನ್ ಸುಳ್ಳು ಹೇಳಲ್ಲ ಕಾಳಕ್ಕ. ಸುಳ್ಳು ಹೇಳಿ ಅದಕ್ಕೆ ಏನಾಗ್ಬೇಕೈತೆ?" ಅಂದ.

"ಹಂಗಾದ್ರೆ ನನಗೇನಾಗ್ಬೇಕೈತೆ?" ಅಂದಳು. "ನೋಡು, ಜಾಸ್ತಿ ಮಾತು ಬ್ಯಾಡ. ನಾಳೆ ಬೆಳಗ್ಗೆ ಬಾರಪ್ಪ. ನನ್ನ ಎಮ್ಮೆ ಪಕ್ಕ ಕುಂತ್ಕ. ನಾನು ಕರೆದಿದ್ದನ್ನ ನೀನೇ ಹೊತ್ಕಂಡು ಬಂದು ಮಿಷನ್ನಿಗೆ ಹಾಕು. ನಾನು ಮುಟ್ಟಲ್ಲ. ಒಂದು ದಿನ ಬ್ಯಾಡ, ಎಂಟು ದಿನ ಬಾ."

ಜಂಪಣ್ಣ ಕೈಗಡಿಯಾರ ನೋಡಿಕೊಂಡ. "ನಂಗೆ ಅಂಗಡಿ ಐತೆ ಕಾಳಕ್ಕ" ಅಂದ.

ತಿಪ್ಪೇರುದ್ರಪ್ಪನವರು ಎದ್ದುನಿಂತು, ಇನ್ನು ಮುಂದೆ ಕಾಳಕ್ಕನ ಹಾಲು ಬೇಡ ಎಂದರು. ಅವಳು ಕ್ಯಾನು ಎತ್ತಿಕೊಂಡು ಸಾಲಿನ ಉದ್ದಕ್ಕೂ ನಡೆದು ಹೋದಳು. ಯಾರೂ ಅವಳ ಮುಖ ನೋಡಲಿಲ್ಲ.

ವಾಪಸು ಬರುವಾಗ ನಾನು ಕೇಳಿದೆ, "ಒಂದು ದಿನ ಹೋಗಿ ನೋಡಿದ್ರೆ ಏನಾಗ್ತಿತ್ತೋ?"

"ಹೋದ್ರೆ ನನ್ನ ಕೆಲ್ಸದ ಮೇಲೆ ನಂಗೇ ನಂಬಿಕೆ ಇಲ್ಲ ಅಂದಂಗಾಗ್ತೈತಣ್ಣ."

ನಾನು ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ. ನನಗೂ ನನ್ನ ಕೆಲಸದ ಮೇಲೆ ಅದೇ ಜಂಬ. ನಾನು ಸರಿಮಾಡಿ ಕೊಟ್ಟ ಗಡಿಯಾರ ನಿಂತಿದೆ ಎಂದು ಯಾರಾದರೂ ತಂದರೆ ಮೊದಲು ಅವರ ಕೈಯನ್ನೇ ಬೈಯುತ್ತೇನೆ.

ಊರಿನಲ್ಲಿ ಅವಳಿಗೆ 'ನೀರ್ ಕಾಳಕ್ಕ' ಎಂದು ಹೆಸರು ಬಿತ್ತು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ಬಂದರೆ ಹುಡುಗಿಯರು ಒಬ್ಬರನ್ನೊಬ್ಬರು ತಿವಿದು, "ಡೈರಿಗಾ ಅಕ್ಕ?" ಅನ್ನುತ್ತಿದ್ದರಂತೆ. ತಿಂಗಳೊಪ್ಪತ್ತು ತಡೆದಳು. ಆಮೇಲೆ ಒಂದು ಎಮ್ಮೆ ಮಾರಿ, ಇನ್ನೊಂದನ್ನು ತಂಗಿಯ ಮನೆಯಲ್ಲಿ ಕಟ್ಟಿ, ಹಿರಿಯೂರಿನ ಕಡೆ ಗಂಡನ ಹಿಂಡಿಗೆ ಹೋಗಿಬಿಟ್ಟಳು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಇದಾಗಿ ಎರಡೂವರೆ ತಿಂಗಳಿಗೆ ಜಂಪಣ್ಣನ ಫೋನು ಬಡಿದುಕೊಂಡಿತು. ಗೋಡೆಯ ಈಚೆಗೇ ಕೇಳಿಸುವಷ್ಟು ಜೋರಾಗಿ ತಿಪ್ಪೇರುದ್ರಪ್ಪನವರು ಮಾತಾಡುತ್ತಿದ್ದರು.

"ಏನಪ್ಪ ಜಂಪಣ್ಣ, ನಿನ್ನ ಮಿಷನ್ನಿಗೆ ಯಾವ ರೋಗ ಬಡ್ಕಂಡೈತೆ? ನಮ್ಮನೆ ಹಾಲಿಗೆ ಅರವತ್ತು ನೀರು ಅಂತೈತಲ್ಲ! ಬಂದು ರಿಪೇರಿ ಮಾಡ್ಹೋಗು!"

ಕಾಳಕ್ಕ ಹೋದ ಮೇಲೆ ಬೋಣಿಯ ಮರ್ಯಾದೆ ಅಧ್ಯಕ್ಷರ ಮನೆಗೆ ಬಂದಿತ್ತು.

ಜಂಪಣ್ಣ ಫೋನು ಇಟ್ಟು ನನ್ನ ಬಾಗಿಲಿಗೆ ಬಂದು ನಿಂತ. "ಅಣ್ಣ, ಕಾಳಕ್ಕನ ಚೀಟೀಲಿ ನೀರು ಬಂದಾಗ ಹಾಲು ಕೆಟ್ಟಿತ್ತು. ಇವರ ಚೀಟೀಲಿ ಬಂದಾಗ ಮಿಷನ್ ಕೆಟ್ಟೈತೆ" ಅಂದ. ನಗಲು ಹೋದ. ನಗು ಅರ್ಧಕ್ಕೆ ನಿಂತಿತು. "ನಾನೂ ಹಂಗೇ ಅಂದೋನಲ್ವಾ" ಅಂದ.

ಅವತ್ತೇ ಹೋದೆವು. ಡೈರಿಯಲ್ಲಿ ನಾಗಭೂಷಣ ಒಬ್ಬನೇ ಇದ್ದ. ಜಂಪಣ್ಣ ಮಿಷನ್ ಮುಟ್ಟಲಿಲ್ಲ. ಸ್ಟೂಲು ಎಳೆದುಕೊಂಡು ಕೂತ.

"ಬೆಳಗ್ಗೆ ಬಂದು ಏನೇನು ಮಾಡ್ತೀಯೋ ಅದನ್ನೆಲ್ಲ ಮಾಡಿ ತೋರ್ಸು. ಒಂದೂ ಬಿಡಬ್ಯಾಡ."

ನಾಗಭೂಷಣ ಪ್ರೋಗ್ರಾಮ್ ಶುರು ಮಾಡಿದ. ಲೋಟದಲ್ಲಿ ಬಿಸಿನೀರಿಟ್ಟು ಕೊಳವೆ ತೊಳೆದ. ಹಿಂದಿನ ಸಂಜೆಯ ಹಾಲಿನ ಜಿಡ್ಡು ಒಳಗಿರುತ್ತದೆ, ಮೊದಲು ತೊಳೆಯಲೇಬೇಕು. ಮಿಷನ್ನಿಗೆ ನೀರು, ಹಾಲು ಎಂಬ ಭೇದವಿಲ್ಲ, ಏನಿಟ್ಟರೂ ಹೀರಿ ಅಳೆದು ಅಂಕಿ ಕಳಿಸುತ್ತದೆ. ಪ್ರೋಗ್ರಾಮು ಆ ಮೊದಲ ಅಂಕಿಯನ್ನು ಎಸೆದು, ಆಮೇಲೆ ಹಾಲಿಗೆ ಕಾಯುತ್ತದೆ. ಎಲ್ಲ ಸರಿಯಾಗಿತ್ತು.

"ತಡವಾಗಿ ಬಂದ ದಿನ?" ಜಂಪಣ್ಣ ಕೇಳಿದ.

"ತಡ ಆದ ದಿನಾನೂ ಇದೇ ಸಾರ್."

"ನಾಗಭೂಷಣ. ನಾನು ಬೈಯೋದಿಲ್ಲ. ತೋರ್ಸು."

ಅವನು ತಲೆ ಕೆರೆದುಕೊಂಡ. "ತೊಳೆಯೋದು ಬಾಳ ಹೊತ್ತು ಹಿಡೀತೈತೆ ಸಾರ್. ಹೊರಗೆ ಜನ ಬಾಯಿ ಮಾಡ್ತಿರ್ತಾರೆ. ಅದಕ್ಕೇ ನಡುವೆ ಹಿಂಗೆ..." ಎಂದು ಕೀಲಿಮಣೆಯ ಮೇಲೆ ಒಂದೆರಡು ಗುಂಡಿ ಒಟ್ಟಿಗೆ ಒತ್ತಿದ. ಪ್ರೋಗ್ರಾಮು ಕತ್ತು ಹಿಸುಕಿದಂತೆ ಮಾಯವಾಯಿತು. ಮತ್ತೆ ಶುರು ಮಾಡಿ ಸೀದಾ ಹಾಲಿನ ಪುಟಕ್ಕೆ ಹೋದ. "ಎರಡು ನಿಮಿಷ ಉಳೀತೈತೆ. ಆ ಗಲಾಟೆ ಆದ್ಮೇಲೆ ಹೊತ್ತಿಗೆ ಸರಿಯಾಗೇ ಬರ್ತಿದ್ದೆ, ಇವತ್ತೇ ತಡ ಆಗಿದ್ದು. ನೀರಂತೂ ಕೊಳವೇಲಿ ಹರಿದೇ ಇರ್ತೈತಲ್ಲ ಸಾರ್."

ಜಂಪಣ್ಣ ಏಳಲಿಲ್ಲ. ಒಂದು ಲೋಟ ಹಾಲು ಇಡಿಸಿದ. ಇಡುತ್ತಿದ್ದಂತೆಯೇ ಚೀಟಿ ಹೊರಗೆ ಬಿತ್ತು. ಅರವತ್ತು ನೀರು.

ಅವನು ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದ. ಸ್ಕೂಟರ್ ಹತ್ತಲಿಲ್ಲ. ಜಗಲಿಯ ಮೇಲೆ ಕೂತು ನನಗೆ ಹೇಳಿದ. ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಊರಲ್ಲಿ ಒಬ್ಬ ಇದ್ದಕ್ಕಿದ್ದಂತೆ ಸತ್ತನೆನ್ನಿ. ಯಾರ ಮನೆಯ ಗುದ್ದಲಿ, ಯಾರ ಮನೆಯ ಹಂಡೆ ಅವನ ಹತ್ತಿರ ಇತ್ತೋ ಅವರಿಗೆಲ್ಲ ಅವನು ಎದ್ದುಬಂದು ಹೇಳುವುದಿಲ್ಲ. ಊರಿನ ತಳವಾರ ಮನೆಮನೆಗೆ ಹೋಗಿ, ಇಂಥವನು ಹೋದ, ನಿಮ್ಮದು ನೀವು ತಂದುಕೊಳ್ಳಿ ಎಂದು ಸಾರಬೇಕು. ಕಂಪ್ಯೂಟರಿನಲ್ಲೂ ಹಾಗೆ ಒಬ್ಬ ತಳವಾರನಿದ್ದಾನೆ, ಆಪರೇಟಿಂಗ್ ಸಿಸ್ಟಮ್ ಎಂದು. ಪ್ರೋಗ್ರಾಮು ಹೇಳಿ ಹೋಗಲಿ, ಹೇಳದೆ ಹೋಗಲಿ, ಯಾರಾದರೂ ಕೊಂದೇ ಹಾಕಲಿ, ಅದು ಹಿಡಿದಿದ್ದ ಪ್ರತಿಯೊಂದನ್ನೂ ಅವನು ಹುಡುಕಿ ಮುಚ್ಚುತ್ತಾನೆ. ಮುಚ್ಚುವಾಗ ಆಯಾ ಡ್ರೈವರಿನ ಬಾಗಿಲು ಬಡಿದು, ನಿನ್ನ ಗಿರಾಕಿ ಹೋದ, ನಿನ್ನ ಕಡೆಯದನ್ನು ನೀನು ತೊಳೆದುಕೋ ಅನ್ನುತ್ತಾನೆ. ಹಾಗೆ ಬಡಿದಾಗ ಏನು ಮಾಡಬೇಕು ಎಂದು ಬರೆಯಲು ಡ್ರೈವರಿನಲ್ಲಿ ಒಂದು ಜಾಗವೇ ಇರುತ್ತದೆ. ತೊಳೆಯುವ ಕೆಲಸವನ್ನೆಲ್ಲ ಅಲ್ಲಿಯೇ ಇಡಬೇಕು. ಯಾಕೆಂದರೆ ಹೇಗೆ ಸತ್ತರೂ ಆ ಬಾಗಿಲಿಗೆ ಬಂದೇ ಬರಬೇಕು.

"ನಾನು ಎಲ್ಲಾನೂ 'ಬರ್ತೀನಿ' ಅನ್ನೋ ಮಾತಿಗೇ ಕಟ್ಟಿದ್ದೆ ಅಣ್ಣ. ಈ ಜಾಗದಲ್ಲಿ ಬೀಗ ತೆಗೆಯೋದೊಂದು ಸಾಲು ಬರೆದು, ಸಾಕು ಬಿಡು ಅಂದ್ಕಂಡೆ. ಪ್ರೋಗ್ರಾಮು ಸತ್ತಿದ್ದು ಮಿಷನ್ನಿಗೆ ಏನು ಗೊತ್ತು? ಅದು ಪಾಪ ನೀರು ಅಳೆಯೋದು ಮುಗಿಸಿ ಅಂಕಿ ಕಳಿಸ್ತು. ಡ್ರೈವರು ಅದನ್ನ ಯಾರಿಗೋ ಬೇಕಾಗ್ತೈತೆ ಅಂತ ಜೋಪಾನ ಮಾಡಿ ಇಟ್ಕಂತು. ಹೊಸದಾಗಿ ಬಂದ ಪ್ರೋಗ್ರಾಮು ಹಾಲಿಂದು ಕೊಡು ಅಂದ ಕೂಡ್ಲೆ ಆ ತೊಳೆದ ನೀರಿನ ಅಂಕಿ ಕೊಡ್ತು. ಬರೀ ನೀರಿಟ್ರೂ ಆ ಹಳೇ ಮಿಷನ್ನು ಅರವತ್ತರ ಮೇಲೆ ತೋರ್ಸಲ್ಲ. ಅದಕ್ಕೇ ಚೀಟಿ ಬೇಗ ಬಂದಿದ್ದು. ಕಾಳಕ್ಕ ಹೇಳಿದ್ಲಲ್ಲ. ಮೊದ್ಲೇ ಹೇಳಿದ್ಲಲ್ಲಣ್ಣ. ನಾನು ನಕ್ಕೆ."

"ಅವಳ ಹಾಲಿನ ಅಂಕಿ ಏನಾಯ್ತು?"

"ಅದು ಅವಳ ಹಿಂದೆ ನಿಂತೋರಿಗೆ ಹೋಯ್ತು. ಅವರದು ಅವರ ಹಿಂದಿನೋರಿಗೆ. ಎಲ್ಲರದೂ ಹಾಲೇ ಆಗಿದ್ರಿಂದ ಯಾರಿಗೂ ಗೊತ್ತಾಗ್ಲಿಲ್ಲ. ಅವಳು ಮುಂದೆ ನಿಂತಿದ್ಲು, ಅಷ್ಟೇ."

ಆ ಸಂಜೆ ಡೈರಿಯಲ್ಲೇ ಕೂತು ಬರೆಯಬೇಕಾದ ಜಾಗದಲ್ಲಿ ಬರೆದ. ಮಿಷನ್ನಿಗೆ ನಿಲ್ಲು ಎನ್ನುವುದು, ಅದು ನಿಲ್ಲುವವರೆಗೆ ಕಾಯುವುದು, ಬಂದಿರುವ ಅಂಕಿಯನ್ನು ಚೆಲ್ಲುವುದು, ಕೊಟ್ಟಿದ್ದ ಜಾಗ ಹಿಂದಕ್ಕೆ ತೆಗೆದುಕೊಳ್ಳುವುದು, ಎಲ್ಲ ಮುಗಿದ ಮೇಲೆ ಬೀಗ ತೆಗೆಯುವುದು. ಆಮೇಲೆ ಪ್ರೋಗ್ರಾಮನ್ನು ತಾನೇ ಇಪ್ಪತ್ತು ಸಲ ಕೊಂದು ನೋಡಿದ. ಇಪ್ಪತ್ತು ಸಲವೂ ಮಿಷನ್ ಚೊಕ್ಕಟವಾಗಿತ್ತು. "ಎಷ್ಟು ಸಾಲಾಯ್ತು?" ಅಂದೆ. ಬೆರಳು ಮಡಚಿ ಎಣಿಸಿ, "ಹನ್ನೊಂದು" ಅಂದ.

ಮಾರನೇ ದಿನ ಕಾಳಕ್ಕನ ತಂಗಿಯನ್ನು ಕೇಳಿ, ಬಸ್ಸು ಹತ್ತಿ, ಹಿರಿಯೂರಿನ ಆಚೆ ಇಳಿದು, ಕುರಿ ಮಂದೆ ಬಿಟ್ಟಿದ್ದ ಹೊಲಕ್ಕೆ ನಡೆದೆವು. ಬೋರಪ್ಪ ಮರಿಗಳನ್ನು ಬಲೆಯೊಳಗೆ ಕೂಡುತ್ತಿದ್ದ. ಕಾಳಕ್ಕ ಮೂರು ಕಲ್ಲಿನ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ನಮ್ಮನ್ನು ನೋಡಿ ಕೋಲು ನಿಲ್ಲಿಸಲಿಲ್ಲ.

"ಬರ್ರಿ, ಕುಂತ್ಕಳ್ರಿ. ಬಿಸಿಲಾಗೆ ಬಂದೀರಿ, ಮಜ್ಜಿಗೆ ಕುಡೀರಿ" ಅಂದಳು.

ಜಂಪಣ್ಣ ನಿಂತೇ ಎಲ್ಲ ಹೇಳಿದ. ತಳವಾರ, ಬಾಗಿಲು, ತೊಳೆದ ನೀರು, ಏನೂ ಬಿಡಲಿಲ್ಲ. ಕೊನೆಗೆ, "ಮಿಷನ್ ತಪ್ಪು ಕಾಳಕ್ಕ. ನಂದು. ನಾನು ಬರೆದಿದ್ದು ತಪ್ಪು" ಅಂದ.

ಅವಳು ಮುದ್ದೆ ಮಣೆಯ ಮೇಲೆ ಹಾಕಿ ಕೈ ತೊಳೆದಳು.

"ಮಿಷನ್ ತಪ್ಪು ಅಂತ ನಂಗೆ ಅವತ್ತೇ ಗೊತ್ತಿತ್ತಲ್ಲಪ್ಪ. ಹಾಲು ಕರೆದೋಳು ನಾನು. ಅದನ್ನ ಹೇಳಾಕೆ ಇಷ್ಟು ದೂರ ಬಂದ್ಯೇನು?"

"ಊರಿಗೆ ಬಾ ಕಾಳಕ್ಕ. ಎಲ್ಲರ ಮುಂದೆ ಹೇಳ್ತೀನಿ."

"ಹೇಳು. ನಾನ್ಯಾಕೆ ಬರ್ಬೇಕು? ಅವತ್ತು ಹೇಳೋವಾಗ ನನ್ನ ಕೇಳಿ ಹೇಳಿದ್ಯಾ?" ಒಲೆಯ ಕೊಳ್ಳಿ ಹಿಂದಕ್ಕೆಳೆದು ಮೆಲ್ಲಗೆ ಅಂದಳು, "ಬರೆಯೋದು ತಪ್ಪಾಗ್ತೈತೆ ಜಂಪಣ್ಣ. ನಾನೂ ಉಪ್ಪು ಜಾಸ್ತಿ ಹಾಕಿರ್ತೀನಿ. ಅದನ್ನ ನಾನು ಮನಸಿಗೆ ಹಾಕ್ಕಂಡಿಲ್ಲ. ಬಂದು ನೋಡು ಅಂದೆ. ನೀನು ಗಡಿಯಾರ ನೋಡ್ಕಂಡೆ."

ಬೋರಪ್ಪ ದೂರದಿಂದಲೇ "ಮುದ್ದೆ ಉಂಡು ಹೋಗ್ರಿ" ಅಂದ. ಉಂಡೆವು.

ಹೇಳುತ್ತೇನೆ ಎಂದದ್ದನ್ನು ಅವನು ಮಾಡಿದ. ಬೆಳಗಿನ ಹಾಲಿನ ಹೊತ್ತಿಗೇ ಹೋಗಿ, ಸಾಲು ತುಂಬಾ ಜನ ಇರುವಾಗ, ಡೈರಿಯ ಮೆಟ್ಟಿಲ ಮೇಲೆ ನಿಂತು ಹೇಳಿದ. "ಕಾಳಕ್ಕ ಹಾಲಿಗೆ ಒಂದು ಹನಿ ನೀರು ಹಾಕಿರ್ಲಿಲ್ಲ. ಮಿಷನ್ನಿಗೆ ನಾನು ಬರೆದಿದ್ದು ತಪ್ಪಿತ್ತು. ನಾನು ಅವತ್ತು ಆಡಿದ ಮಾತು ಸುಳ್ಳು."

ಜನ ಕೇಳಿದರು. ಆದರೆ ಆರೋಪದ ದಿನ ಕಿವಿ ನಿಮಿರಿಸಿಕೊಂಡು ಕೇಳಿದ ಹಾಗೆ ಕೇಳಲಿಲ್ಲ. ಒಬ್ಬಳು ಕ್ಯಾನಿನ ಮುಚ್ಚಳ ಸರಿಮಾಡಿದಳು. ಒಬ್ಬ ಆಕಳಿಸಿದ. ತಿಪ್ಪೇರುದ್ರಪ್ಪನವರು ಬೆನ್ನು ತಟ್ಟಿ, "ಆಗಿದ್ದಾಯ್ತು ಬಿಡಪ್ಪ, ಈಗ ಮಿಷನ್ ಸರಿ ಹೋಯ್ತಲ್ಲ" ಅಂದರು. ಹಿಂದಿನಿಂದ ಯಾರೋ, "ಮುಂದೆ ನಡೀರಪ್ಪ, ಹಾಲು ಒಡೀತೈತೆ" ಎಂದು ಕೂಗಿದರು. ಸಾಲು ಮುಂದಕ್ಕೆ ಸರಿಯಿತು. ಜಂಪಣ್ಣ ಮೆಟ್ಟಿಲು ಇಳಿದು ಬಂದ.

ಮುಂಗಾರಿಗೆ ಹಿಂಡು ತಿರುಗಿತು, ಕಾಳಕ್ಕನೂ ಊರಿಗೆ ಬಂದಳು. ನಾಗಭೂಷಣ ಮನೆಗೇ ಹೋಗಿ ಕರೆದನಂತೆ, ಡೈರಿಗೆ ಹೋಗಲಿಲ್ಲ. ಉಳಿದ ಒಂದು ಎಮ್ಮೆಯ ಹಾಲಿಗೆ ಹೆಪ್ಪು ಹಾಕಿ, ಸಂತೆಯ ದಿನ ಹೊಸದುರ್ಗಕ್ಕೆ ಮೊಸರಿನ ಗಡಿಗೆ ತರುತ್ತಾಳೆ. ಗಟ್ಟಿ ಮೊಸರು, ಕೊಯ್ದು ಇಡಬಹುದು. ಜಂಪಣ್ಣ ಪ್ರತಿ ಸಂತೆಗೂ ಹೋಗಿ ಅವಳ ಹತ್ತಿರವೇ ಕೊಳ್ಳುತ್ತಾನೆ. ಅವಳು ಬೇಡ ಅನ್ನುವುದಿಲ್ಲ, ಎಲ್ಲರಿಗೂ ಅಳೆದಷ್ಟೇ ಅಳೆದು ಕೊಡುತ್ತಾಳೆ. ಮಾತು ಹೆಚ್ಚಿಲ್ಲ.

ಹೋದ ತಿಂಗಳು ನಾನೂ ಜೊತೆಗಿದ್ದೆ. ನಮಗಿಂತ ಮುಂದೆ ಹೊಳಲ್ಕೆರೆ ಕಡೆಯ ಒಬ್ಬ ಹೆಂಗಸು ನಿಂತಿದ್ದಳು. ಕಾಳಕ್ಕ ಸೌಟು ಅದ್ದಿ ಅವಳ ಪಾತ್ರೆಗೆ ಹಾಕುವಷ್ಟರಲ್ಲಿ ಆಕೆ ವಾಡಿಕೆಯಂತೆ ಕೇಳಿದಳು, "ನೀರು ಗೀರು ಹಾಕಿಲ್ಲ ತಾನೆ?" ಸಂತೆಯಲ್ಲಿ ಯಾರು ಯಾರನ್ನು ಬೇಕಾದರೂ ಕೇಳುವ ಮಾತು ಅದು. ಆಕೆಗೆ ಈ ಕಥೆ ಏನೂ ಗೊತ್ತಿರಲಿಲ್ಲ.

ಕಾಳಕ್ಕನ ಕೈ ಗಾಳಿಯಲ್ಲೇ ನಿಂತಿತು. ಜಂಪಣ್ಣ ಮುಂದೆ ಹೋಗಿ ಬಾಯಿ ತೆರೆದ. ಕಾಳಕ್ಕ ಅವನನ್ನು ಒಂದು ಸಲ ನೋಡಿದಳು, ಅಷ್ಟೇ. ಅವನು ಬಾಯಿ ಮುಚ್ಚಿದ.

ಅವಳು ಸೌಟಿನಲ್ಲಿದ್ದ ಮೊಸರನ್ನು ಗಡಿಗೆಗೆ ಹಿಂದಕ್ಕೆ ಸುರಿದು, ಬಟ್ಟೆ ಮುಚ್ಚಿ, "ಬೇರೆ ಕಡೆ ತಗಳಮ್ಮ" ಅಂದಳು. ಗಡಿಗೆ ಇನ್ನೂ ಅರ್ಧ ತುಂಬಿತ್ತು. ಸಿಂಬಿ ತಲೆಗಿಟ್ಟು ಅದನ್ನು ಹೊತ್ತುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟುಹೋದಳು. ನಾವಿಬ್ಬರೂ ಖಾಲಿ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆವು.